ಬಲಗಡೆ ಬಿದ್ದ ಹೂ

ಜುಲೈ ೧೪, ಶುಕ್ರವಾರ

ನಾಳೆಯೇ ಕೊನೆಯ ದಿನ. ಬಿಎಗೆ ಮುಖ್ಯ ವಿಷಯ ಅರ್ಥಶಾಸ್ತ್ರವೋ ಸಮಾಜಶಾಸ್ತ್ರವೋ, ಅರ್ಜಿಯಲ್ಲಿ ಆ ಒಂದು ಜಾಗ ಇನ್ನೂ ಖಾಲಿ.

ವಾರದಿಂದ ನಾನು ಸರಿಯಾಗಿ ಉಣ್ಣದೆ ಕೂತಿದ್ದನ್ನು ನೋಡಲಾರದೆ ಅವ್ವ ಇವತ್ತು ಹರಿಹರಕ್ಕೆ ಹೋಗಿ, ಅಲ್ಲಿಂದ ಭಾನುವಳ್ಳಿ ಬಸ್ಸು ಹಿಡಿದು, ನಮ್ಮ ಮನೆದೇವರು ದುರ್ಗಮ್ಮನ ಹತ್ತಿರ ಹೂ ಕೇಳಿ ಬಂದಳು. ಬಾಗಿಲಲ್ಲೇ ಕೂಗಿದಳು: "ಬಲಗಡೀಗೇ ಕೊಟ್ಲು ಕಣೇ! ಒಪ್ಪಿಗಿ ಆತು. ಇನ್ನ ಚಿಂತಿ ಬ್ಯಾಡ."

"ಯಾವ ವಿಷಯಕ್ಕವ್ವ?"

"ಆ ಹೆಸ್ರು ನನ್ ಬಾಯಾಗ ಎಲ್ಲಿ ಬರ್ತಾವು? ನನ್ ಮಗಳ ಮನಸ್ನಾಗೆ ಇರೋದೇ ಆಗ್ಲಿ ಅನ್ನಂಗಿದ್ರೆ ಬಲಕ್ಕೆ ಕೊಡು ತಾಯಿ ಅಂದೆ."

ಬ್ಯಾಂಕ್ ಪರೀಕ್ಷೆಗೆ ಅರ್ಥಶಾಸ್ತ್ರವೇ ಬೇಕೆಂದು ಪಟ್ಟು ಹಿಡಿದಿದ್ದ ನನ್ನ ಅಣ್ಣ ಪರಶುರಾಮನೂ ಹೂವನ್ನು ಕಣ್ಣಿಗೊತ್ತಿಕೊಂಡ. "ದುರ್ಗಮ್ಮನೇ ಹೇಳಿದ ಮ್ಯಾಲೆ ಮುಗೀತು. ಬರ್ದುಬಿಡು," ಎಂದ. ಅವ್ವ ನಿಟ್ಟುವಳ್ಳಿಯ ನಮ್ಮ ಇಡೀ ಓಣಿಗೆ ಪ್ರಸಾದ ಹಂಚಿಯೂ ಆಯಿತು.

ಈಗ ಎಲ್ಲರೂ ನೆಮ್ಮದಿಯಾಗಿ ಮಲಗಿದ್ದಾರೆ. ಆ ಕಣಗಿಲೆ ಹೂ ಅರ್ಜಿಯ ಮೇಲೆ ಬಾಡುತ್ತಿದೆ. ಪೆನ್ನಿನ ಮುಚ್ಚಳ ತೆಗೆದು ತೆಗೆದು ಹಾಕುತ್ತಿದ್ದೇನೆ. ಅವ್ವ ಅಲ್ಲಿ ಕೈಮುಗಿದು ನಿಂತ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಏನಿತ್ತು? ಎಷ್ಟು ನೆನೆಸಿಕೊಂಡರೂ ಹೆದರಿಕೆ ಬಿಟ್ಟು ಬೇರೇನೂ ಇರಲಿಲ್ಲ. ಹಾಗಾದರೆ ದುರ್ಗಮ್ಮ ಹೂ ಕೊಟ್ಟದ್ದು ಆ ಹೆದರಿಕೆಗೇನಾ?