ಗುಳಿಗೆಯ ಮೇಲಿನ ಚಹಾ

ಉಟಗಿ, ತಾ. ಜತ್ತ
೧೨ ಜನವರಿ ೨೦೨೫, ರವಿವಾರ

ಪ್ರೀತಿಯ ಆರಜೂ,

ಸಲಾಮ್. ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆ ಎಂದಿದ್ದೆ, ಈಗಲೂ ಹಾಗೇ ಇದೆಯೇ? ಹೊಟ್ಟೆಯೊಳಗಿನ ಪುಂಡ ಕೂಸು ಚೆನ್ನಾಗಿ ಒದೆಯುತ್ತದೆ ತಾನೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಸನಮಡಿಯ ನಿಮ್ಮ ಮನೆಯ ಫೋನು ಸದಾ ಸ್ಪೀಕರ್ ಮೇಲೆ, ಸುತ್ತ ನಿನ್ನ ಅಮ್ಮಿ, ಖಾಲಾ, ಮಗ್ಗುಲಮನೆಯವರು. ನಾನು "ಊಟ ಆತಾ?" ಅನ್ನುವುದು, ನೀನು "ಆತ್ರಿ" ಅನ್ನುವುದು, ಅಲ್ಲಿಗೆ ಮುಗಿಯಿತು. ಖುದ್ದಾಗಿ ಬಂದರೂ ಪಡಸಾಲೆಯಲ್ಲಿ ಅಬ್ಬಾರ ಎದುರು ಕೂರಿಸುತ್ತಾರೆ. ನಿನ್ನ ಮುಖ ಕಾಣುವುದು ಬಾಗಿಲ ಸಂದಿಯಲ್ಲಿ. ಅದಕ್ಕೇ ಈ ಕಾಗದವನ್ನು ಜೀಪಿನ ನಾಗನಾಥನ ಕೈಯಲ್ಲಿ ಕಳಿಸುತ್ತಿದ್ದೇನೆ. ಒಬ್ಬಳೇ ಕುಳಿತು ಓದು.

ನೀನು ಹೋಗಿ ಹದಿನಾರು ದಿನವಾಯಿತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಪದ್ಧತಿ ಮಾಡಿದವರು ಸಿಕ್ಕರೆ ನಾಲ್ಕು ಮಾತು ಕೇಳಬೇಕೆನಿಸುತ್ತದೆ. ಲಗ್ನದ ಸೀಸನ್ನು, ಅಂಗಡಿಯಲ್ಲಿ ಬ್ಲೌಸಿನ ರಾಶಿ ಬಿದ್ದಿದೆ, ಮಷಿನ್ ಮುಂದೆ ಕೂತರೆ ಕೈ ಓಡುವುದಿಲ್ಲ. ಮೊನ್ನೆ ಒಂದು ತೋಳನ್ನು ಉಲ್ಟಾ ಹೊಲಿದು ಗಿರಾಕಿ ಯಮನವ್ವನಿಂದ ಬೈಸಿಕೊಂಡೆ. ಈಗಲೂ ನಸುಕಿನಲ್ಲಿ, ಮನೆಮಂದಿ ಏಳುವ ಮೊದಲು, ಎರಡು ಕಪ್ಪು ಚಹಾಕ್ಕೇ ನೀರಿಡುತ್ತೇನೆ, ಕುಡಿಯುವವನು ಒಬ್ಬ. ನಿನ್ನ ನೆನಪು ಬಹಳ ಬರುತ್ತದೆ ಆರಜೂ, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಈಗ ಮುಖ್ಯ ವಿಷಯ. ಜತ್ತದ ಡಾಕ್ಟರಬಾಯಿ ಹೇಳಿದ್ದು ನೆನಪಿದೆಯಲ್ಲ? ಮೂರು ತಿಂಗಳು ರಕ್ತದ ಗುಳಿಗೆ ನುಂಗಿದರೂ ನಿನ್ನ ರಕ್ತ ಎಂಟೂವರೆ ಬಿಟ್ಟು ಮೇಲೇರಿಲ್ಲ. ಹೀಗೇ ಇದ್ದರೆ ಹೆರಿಗೆಗೆ ಸಾಂಗ್ಲಿಗೇ ಹೋಗಬೇಕು, ರಕ್ತ ಕೊಡಬೇಕಾದೀತು, ತಾಯಿ-ಮಗು ಇಬ್ಬರಿಗೂ ಅಪಾಯ ಎಂದು. ಬರುವಾಗ ನೀನು ಎಸ್.ಟಿ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತುಬಿಟ್ಟೆ. "ನಾ ಒಂದ್ ದಿನಾನೂ ತಪ್ಪಿಸಿಲ್ರಿ" ಎಂದೆ. ನಿನ್ನೆ ಆಶಾ ಕಾರ್ಯಕರ್ತೆ ಸಿದ್ದವ್ವ ಬ್ಲೌಸು ಒಯ್ಯಲು ಬಂದವಳು, ನೀನು ಗುಳಿಗೆ ಹೇಗೆ ನುಂಗುತ್ತಿದ್ದೆ ಎಂದು ಕೇಳಿದಳು. ಚಹಾದ ಜೊತೆ ಎಂದೆ. ಕೈಯಲ್ಲಿದ್ದ ಬ್ಲೌಸನ್ನು ಹಲಗೆಯ ಮೇಲೆ ಒಗೆದಳು. "ಖಬರ್ ಇಲ್ಲೇನ್ ನಿನಗ? ಗುಳಗಿ ಮ್ಯಾಲ ಚಾ ಬಿದ್ರ ಅದು ಮೈಗಿ ಹತ್ತೂದಿಲ್ಲೋ, ಹಂಗ ಹೊರಗ ಹೋಗ್ತದ!" ಗುಳಿಗೆಯ ವಾಸನೆಗೆ ವಾಂತಿ ಬರುತ್ತದೆ ಎಂದು ನೀನು ಒದ್ದಾಡುವಾಗ, ಶುಂಠಿ ಹಾಕಿ ಆ ಚಹಾ ಕುದಿಸಿ ಕೊಟ್ಟವನು ನಾನು.

ಇವತ್ತಿನಿಂದಲೇ ಗುಳಿಗೆಯನ್ನು ನೀರಿನಲ್ಲಿ ನುಂಗು. ನಿಂಬೆ ಹಿಂಡಿದ ನೀರಾದರೆ ಇನ್ನೂ ಚಲೋ. ಅದಕ್ಕೆ ಎರಡು ತಾಸು ಹಿಂದೆ, ಎರಡು ತಾಸು ಮುಂದೆ ಚಹಾ ಬೇಡ, ಹಾಲೂ ಬೇಡ. ಕ್ಯಾಲ್ಶಿಯಂ ಗುಳಿಗೆಯನ್ನೂ ಅದರ ಜೊತೆ ಸೇರಿಸಬಾರದಂತೆ, ಬೇರೆ ಹೊತ್ತಿಗೆ ತಗೋ. ಹೊಟ್ಟೆ ತೊಳಸಿದರೆ ನೀನೇ ಬಿಟ್ಟುಬಿಡಬೇಡ, ಅಲ್ಲಿಯ ಸಿಸ್ಟರನ್ನು ಕೇಳು. ನಿಮ್ಮ ಹೊಲದಲ್ಲಿ ಕಡಲೆ ಸೊಪ್ಪು ಇನ್ನೂ ಇದ್ದರೆ ಚೆನ್ನಾಗಿ ತೊಳೆದು ಪಲ್ಯ ಮಾಡಿಸಿಕೋ, ಬಿಸಿ ರೊಟ್ಟಿಯ ಜೊತೆ ತಿನ್ನು. ಮೊಳಕೆ ಬರಿಸಿದ ಮಡಕಿ ಕಾಳೂ ಇರಲಿ. ಅಮ್ಮಿ ಗಳಿಗೆಗೊಮ್ಮೆ ಚಹಾದ ಪಾತ್ರೆ ಇಡುವವರು, ಬೇಡ ಎಂದರೆ ಮುನಿಸು. ಅಳಿಯನಿಗೆ ತಲೆ ಕೆಟ್ಟಿದೆ ಎಂದು ಹೇಳಿ ತಪ್ಪಿಸಿಕೋ. ತಪಾಸಣೆಗೆ ಇನ್ನು ಹದಿನೈದು ದಿನ ಇದೆ. ಅವತ್ತು ಜತ್ತದ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ.

ಅಮ್ಮಿ-ಅಬ್ಬಾರಿಗೆ ನನ್ನ ಸಲಾಮು. ಅಲ್ಲಾಹ್ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ,
ಏಜಾಜ

ತಾ.ಕ.: ನಾಗನಾಥ ಹಾರ್ನ್ ಬಾರಿಸುತ್ತಿದ್ದಾನೆ, ಆದರೂ ಇದನ್ನು ಬರೆಯದೆ ಕಳಿಸಲಾರೆ. ಸಿದ್ದವ್ವ ನಿನ್ನೆ ಹೇಳಿದ್ದು ಎರಡನೇ ಸಲ. ನಿನಗೆ ನಾಲ್ಕನೇ ತಿಂಗಳಲ್ಲಿ, ನೀನು ಹೊಲಕ್ಕೆ ಹೋಗಿದ್ದ ದಿನ, ಗುಳಿಗೆ ಕೊಟ್ಟು ಇದೇ ಮಾತನ್ನು ನನಗೆ ಹೇಳಿ ಹೋಗಿದ್ದಳು. ನಿನಗೆ ನಾನು ಹೇಳಲಿಲ್ಲ. ಅಷ್ಟು ಜನರ ಮನೆಯಲ್ಲಿ, ಎಲ್ಲರೂ ಏಳುವ ಮೊದಲು, ನಾವಿಬ್ಬರೇ ಚಹಾ ಕುಡಿಯುತ್ತ ಕೂರುತ್ತಿದ್ದುದು ಅದೊಂದೇ ಹೊತ್ತು. ಹೇಳಿದರೆ ಅದೂ ತಪ್ಪೀತೆಂದು ಸುಮ್ಮನಿದ್ದೆ. ಇಷ್ಟರಿಂದ ಏನಾದೀತು ಅಂದುಕೊಂಡೆ. ತಪ್ಪು ನಿನ್ನದಲ್ಲ, ನನ್ನದು. ಬಯ್ಯು, ಆದರೆ ಈಗ ಬೇಡ. ಮಗುವನ್ನೆತ್ತಿಕೊಂಡು ಬಂದು, ಎದುರಿಗೆ ನಿಂತು ಬಯ್ಯು.