ದೋಣಿ ಶೆಡ್ಡು ಮುಚ್ಚಿಸಿದೆ

ಟೂವೂಂಬಾ
೧೪ ಜೂನ್ ೧೯೯೧

ಮುದ್ದಿನ ಕ್ಲೈವ್,

ಫಿಜಿಯ ಸುವಾದ ಸೆಕೆಯಲ್ಲಿ ನಿನ್ನ ಕಿವಿ ಸೋರುವುದು ನಿಂತಿತೇ? ಎಣ್ಣೆ ಬಿಟ್ಟುಕೊಳ್ಳಬೇಡ, ಡಾಕ್ಟರ ಹತ್ತಿರ ಹೋಗು. ಇಲ್ಲಿಯ ಚಳಿ ನನ್ನ ಮಂಡಿಗೆ ಆಗುತ್ತಿಲ್ಲ, ಉಳಿದಂತೆ ಗಟ್ಟಿಯಾಗಿದ್ದೇನೆ.

ನೀನು ಅಲ್ಲಿ ದೋಣಿ ಮಾರುತ್ತಿರುವಾಗಲೇ, ಸೋಮವಾರ, ಇಲ್ಲಿ ನಮ್ಮ ಕಾರ್ಖಾನೆಯ ದೋಣಿ ಶೆಡ್ಡು ಮುಚ್ಚಿಸಿದೆ. ತೋಟದ ಕುರ್ಚಿ, ಮಾಂಸ ಸುಡುವ ಒಲೆ, ನೀನು ಶುರುಮಾಡಿದ್ದೆಲ್ಲ ನಿಂತಿತು. ನಿಮ್ಮಪ್ಪ ಬೋರಿನ ನೀರೆತ್ತುವ ಗಾಳಿಯಂತ್ರದ ಪಂಪು ಬಿಟ್ಟು ಬೇರೇನನ್ನೂ ಮಾಡಿದವರಲ್ಲ. ಕಳೆದ ಬೇಸಿಗೆಯಲ್ಲಿ ಚಾರ್ಲ್‌ವಿಲ್ ಕಡೆಯ ದನದವನೊಬ್ಬ ತನ್ನ ಪಂಪಿನ ಒಂದು ಹಲ್ಲುಚಕ್ರಕ್ಕಾಗಿ, ಒಂದು ಗೇರಿಗಾಗಿ, ಏಳು ವಾರ ಕಾದ. ಆ ಏಳು ವಾರವೂ ನಮ್ಮ ಗೇರು ಕಡೆಯುವ ಯಂತ್ರ ನಿನ್ನ ದೋಣಿಗಳ ಹಿತ್ತಾಳೆ ಸಾಮಾನು ಕಡೆಯುತ್ತಿತ್ತು. ಅವನು ಫೋನಿನಲ್ಲಿ ಬೈಯಲಿಲ್ಲ. "ಡಲ್ಸಿ, ಬಂದೂಕಿನ ಗುಂಡು ಮುಗಿದುಹೋಯ್ತಮ್ಮ, ನೀರಿಲ್ಲದೆ ಸಾಯೋ ದನ ಇನ್ನೂ ಉಳಿದಾವೆ" ಎಂದಷ್ಟೇ ಹೇಳಿದ. ನಿನಗೆ ಹೇಳಿದ್ದೆ. ಊಟದ ನಡುವೆ ಈ ಮಾತೇಕೆ ಎಂದು ನೀನು ನಕ್ಕೆ.

ಮೇಸ್ತ್ರಿ ಆರ್ಚಿಯ ಕೆಲಸವೂ ಹೋಯಿತು. ನಿನ್ನನ್ನು ಹೆಗಲ ಮೇಲೆ ಹೊತ್ತು ಈಜು ಕಲಿಸಿದವನು, ನಿನ್ನ ಮಾತು ನಂಬಿ ಪಂಪು ಬಿಟ್ಟು ದೋಣಿಗೆ ಬಂದವನು. "ಪಂಪಿನ ಕಡೆ ಕಸನಾದ್ರೂ ಗುಡಿಸ್ತೀನಿ, ಇಟ್ಕೊಳ್ಳೇ" ಎಂದ. ಒಬ್ಬನನ್ನು ಇಟ್ಟುಕೊಂಡರೆ ಇಪ್ಪತ್ತು ಜನ ಬಾಗಿಲಲ್ಲಿ ನಿಲ್ಲುತ್ತಾರೆ, ಆಗುವುದಿಲ್ಲ ಎಂದೆ. ನೀನು ಮರಳಿ ಬಂದು ಮತ್ತೆ ಶುರುಮಾಡದಂತೆ ದೋಣಿಯ ಅಚ್ಚುಗಳನ್ನು ಅವನ ಕೈಯಿಂದಲೇ ಗರಗಸದಲ್ಲಿ ಕೊಯ್ಯಿಸಿದೆ. ಕೊಯ್ದು, ಗರಗಸ ಒರೆಸಿ, ಎಣ್ಣೆ ಸವರಿ ಗೂಟಕ್ಕೆ ನೇತುಹಾಕಿ ಹೋದ. ಅವನು ಬಿಟ್ಟುಹೋದ ಊಟದ ಡಬ್ಬಿ ಕೊಡಲು ಮನೆಗೆ ಹೋದೆ. ಅವನ ಹೆಂಡತಿ ಬಾಗಿಲು ತೆರೆಯಲಿಲ್ಲ. "ಅಲ್ಲೇ ಇಟ್ಟು ಹೋಗು" ಎಂದಳು. ಇಟ್ಟು ಬಂದೆ.

ನಿನ್ನೆಯಿಂದ ಯಂತ್ರ ಮತ್ತೆ ಗೇರು ಕಡೆಯುತ್ತಿದೆ. ಆ ಸದ್ದು ಕೇಳಿ ನನಗೆ ಹಿತವಾಯಿತು ಕಣೋ, ನಾಚಿಕೆಯಾಗಲಿಲ್ಲ.

ಮಕ್ಕಳು ನಿನಗೆ ಮುತ್ತು ಕಳಿಸಿದ್ದಾರೆ. ಎಲ್ಲಿದ್ದರೂ ಚೆನ್ನಾಗಿರು.

ನಿನ್ನ ಅಮ್ಮ,
ಡಲ್ಸಿ

ಮರೆತ ಮಾತು: ಟಪಾಲಿನ ಹೊತ್ತಾಯಿತು. ಕೆಲಸದಿಂದ ತೆಗೆಯುವವರ ಪಟ್ಟಿ ಬರೆದದ್ದು ನಾನಲ್ಲ, ನಿನ್ನ ಹೆಂಡತಿ ಗ್ವೆಂಡಾ. ಇನ್ನು ಕಾರ್ಖಾನೆ ನಡೆಸುವವಳೂ ಅವಳೇ. ಮೊದಲ ಹೆಸರು ನಿನ್ನದು. "ಅತ್ತೆ, ಅವರಿಗೆ ನೀವೇ ಬರೆದುಬಿಡಿ, ನನಗೆ ಗೇರಿನ ಆರ್ಡರ್ ನೋಡೋದಿದೆ" ಎಂದಳು. ಪಟ್ಟಿಯನ್ನು ನಾನು ಎರಡು ಸಲ ಓದಿ ಸಹಿ ಹಾಕಿದೆ.