ಉಗ್ರಬಾಹು ಗೆದ್ದನೇ ಎಂದು ಕೇಳಿದ ತಮ್ಮನಿಗೆ

ಕೊಟ್ಟೂರು
ಬುಧವಾರ, 9-9-1998

ಪ್ರೀತಿಯ ತಮ್ಮಾ ಗುರೂ,

ಹೇಗಿದ್ದೀಯಪ್ಪಾ? ಅಂಗೈಯ ಗಾಯ ಒಣಗಿತೇ? ಕೀವಾಗಿದ್ದರೆ ಅರಿಸಿನ ಮೆತ್ತಿಕೊಂಡು ಸುಮ್ಮನೆ ಕೂರಬೇಡ. ಅರಸೀಕೆರೆಯಂಥ ಹಳ್ಳಿಯಲ್ಲೂ ಡಾಕ್ಟರಿದ್ದಾರೆ, ಮರುಳಪ್ಪ ಮಾವನ ಜೊತೆ ಹೋಗಿ ಸೂಜಿ ಹಾಕಿಸಿಕೋ. ಮಾಳಮ್ಮತ್ತೆ ರೊಟ್ಟಿ ದಪ್ಪ ಬಡಿಯುತ್ತಾಳೆಂದು ಮುಖ ಸೊಟ್ಟ ಮಾಡಬೇಡ. ಇಂಥ ಹೊತ್ತಿನಲ್ಲಿ ಬಾಗಿಲು ತೆರೆದವಳು ಅವಳೇ. ಅಪ್ಪ ಆರಾಮಿದ್ದಾರೆ. ನೀನು ಕೆಲಸ ಹುಡುಕಿಕೊಂಡು ದಾವಣಗೆರೆಗೆ ಹೋಗಿದ್ದೀಯ ಎಂದು ಹೇಳಿದ್ದೇನೆ. "ಹೋಗೋವಾಗ ನನಗೊಂದು ಮಾತು ಹೇಳಬಾರದೇನು ಅಂವ" ಎಂದು ಊಟಕ್ಕೆ ಕುಳಿತಾಗಲೆಲ್ಲ ಅನ್ನುತ್ತಾರೆ. ನಾನು ಇನ್ನೊಂದು ಸೌಟು ಸಾರು ಬಡಿಸುತ್ತೇನೆ.

ಸಿಟ್ಟಿನಲ್ಲಿ ಬರೆಯಬಾರದೆಂದು ಎರಡು ದಿನ ಕಾದೆ, ಗುರೂ. ಸಿಟ್ಟು ಇಳಿದಿಲ್ಲ. ಆದರೂ ಬರೆಯುತ್ತಿದ್ದೇನೆ.

ಯುಗಾದಿ ಆದ ಮರುವಾರ ಟಿ.ವಿ.ಯಲ್ಲಿ 'ಕತ್ತಲಕೋಟೆ' ಶುರುವಾದಾಗ ನಾವೆಲ್ಲ ಎಷ್ಟು ನಕ್ಕಿದ್ದೆವು! ಮರದ ಗೊಂಬೆಗಳು, ಮೇಲಿನ ದಾರ ಎದ್ದು ಕಾಣುತ್ತದೆ, ಬಾಯಿ ಅಲ್ಲಾಡಿ ಮುಗಿದ ಮೇಲೆ ಮಾತು ಬರುತ್ತದೆ. ಮೂರನೆಯ ಭಾನುವಾರದ ಹೊತ್ತಿಗೆ ಯಾರ ಕಣ್ಣಿಗೂ ದಾರ ಬೀಳಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಜಾರಿನಲ್ಲಿ ನಾಯಿಗಳಷ್ಟೇ ಓಡಾಡುತ್ತಿದ್ದವು, ಊರೆಲ್ಲ ಟಿ.ವಿ. ಇದ್ದವರ ಪಡಸಾಲೆಯಲ್ಲಿ. ಕೋಟೆ ಕಾಯುವ ಕೆಂಪು ಗಡ್ಡದ ಸೇನಾಪತಿ ಉಗ್ರಬಾಹು ನಿನಗೆ ದೇವರಾದ. ಮಿಂಚಿನ ಕತ್ತಿ ಹಿಡಿದು ಕೋಟೆ ಗೆಲ್ಲಲು ಬರುವ ಮಿಂಚುವೀರ ನಿನ್ನ ಗೆಳೆಯ ಸರ್ಫರಾಜನಿಗೆ. ನಾನೇನು ಕಡಿಮೆ ಇದ್ದೆನೇ? ಉಗ್ರಬಾಹುವಿನ ಕುದುರೆ ಸತ್ತ ದಿನ ಕಣ್ಣೊರೆಸಿಕೊಳ್ಳುತ್ತಾ ಒಲೆಯ ಮೇಲಿನ ಅನ್ನ ಹೊತ್ತಿಸಿದವಳು ನಾನೇ. ಸರ್ಫರಾಜ ಗ್ಯಾರೇಜಿನಲ್ಲಿ ಬಿಡುವು ಮಾಡಿಕೊಂಡು ಹಾಲವಾಣದ ಮರದಲ್ಲಿ ಎರಡು ಗೊಂಬೆ ಕೆತ್ತಿ ತಂದಿದ್ದ. "ಅಕ್ಕಾ, ನಿಮ್ಮ ಮಷೀನಿನಾಗ ಇವಕ್ಕ ಅಂಗಿ ಹೊಲದು ಕೊಡ್ರಿ" ಅಂದಾಗ, ಮದುವೆ ಮನೆಯವರ ಕುಪ್ಪಸಗಳನ್ನು ಪಕ್ಕಕ್ಕಿಟ್ಟು ಹೊಲಿದುಕೊಟ್ಟೆ. ಹಗರಿಬೊಮ್ಮನಹಳ್ಳಿಯಿಂದ ಟ್ರ್ಯಾಕ್ಟರು ಮಾಡಿಕೊಂಡು ಬಂದು ಆ ಗೊಂಬೆ ನೋಡಿ ಹೋದರು ಜನ. ನೀವಿಬ್ಬರೂ ಮದುಮಕ್ಕಳ ಹಾಗೆ ಅವುಗಳ ಪಕ್ಕ ನಿಂತಿದ್ದಿರಿ.

ಆಮೇಲೆ ನಿನ್ನದೊಂದು ಬಳಗ, ಅವನದೊಂದು ಬಳಗ. ನಿಮ್ಮವರ ತಲೆಗೆ ಕೆಂಪು ವಸ್ತ್ರ, ಅವರಿಗೆ ನೀಲಿ. ಶ್ರಾವಣದಲ್ಲಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಿನ್ನ ಕಡೆಯ ಯರ್ರೆಪ್ಪ "ಮಿಂಚುವೀರ ಅಂದ್ರ ಬೆನ್ನ ಹಿಂದ ಹೊಡಿಯೋ ಹೇಡಿ" ಅಂದನಂತೆ. ಅಷ್ಟಕ್ಕೆ ಬೆಂಚು ಮುರಿದವು, ಚಹಾದ ಗ್ಲಾಸುಗಳು ಮುಖಕ್ಕೆ ಬಂದವು. ಯರ್ರೆಪ್ಪನ ತುಟಿ ಹರಿದು ನಾಲ್ಕು ಹೊಲಿಗೆ ಬಿದ್ದವು. ನೀಲಿ ಬಳಗದ ಒಬ್ಬನ ಬೆರಳನ್ನು ಯಾರೋ ಎಲುಬು ಕಾಣುವಂತೆ ಕಚ್ಚಿದ್ದರು. ನೀನು ಅಂಗಿಯ ತುಂಬ ರಕ್ತ ಮಾಡಿಕೊಂಡು ನಗುತ್ತಾ ಬಂದೆ, "ನಂದಲ್ಲ ಅಕ್ಕಾ, ಅವರದು" ಅಂದೆ. ಅವತ್ತೇ ನಿನ್ನ ಕೆನ್ನೆಗೆ ಬಾರಿಸಬೇಕಿತ್ತು. ನಾನೂ ನಕ್ಕು ಅಂಗಿ ನೆನೆಹಾಕಿದೆ. ತಾಯಿಯಿಲ್ಲದವನೆಂದು ಎತ್ತಿ ಆಡಿಸಿದ ಕೈಗೆ ಹೊಡೆಯುವುದು ಬರಲಿಲ್ಲ. ಅಲ್ಲಿಂದ ಮುಂದೆ ಸರ್ಫರಾಜ ನಮ್ಮ ಮನೆಗೆ ಬರಲಿಲ್ಲ.

ಆ ಭಾನುವಾರದ್ದು ನಿನಗೆ ಗೊತ್ತೇ ಇದೆ. ಆದರೆ ನಾನು ಕಂಡದ್ದನ್ನು ನೀನು ಕೇಳಬೇಕು. ಟಿ.ವಿ.ಯಲ್ಲಿ ಆ ಗೊಂಬೆಗಳೆರಡೂ ಎದುರುಬದುರಾಗುವ ದಿನ. ಅಪ್ಪ ಊರಲ್ಲಿರಲಿಲ್ಲ, ಮನೆಯಲ್ಲಿ ನಾವಿಬ್ಬರೇ. ಉಗ್ರಬಾಹು ಮಿಂಚುವೀರನನ್ನು ಗೋಡೆಗೆ ಒತ್ತಿ ಕತ್ತಿ ಎತ್ತಿದ. ಅಷ್ಟರಲ್ಲಿ ಪರದೆಯ ತುಂಬ ಇರುವೆ ಹರಿದಂತೆ ಚುಕ್ಕಿ. ಫ್ಯಾನು ತಿರುಗುತ್ತಿತ್ತು, ಹೋದದ್ದು ಕರೆಂಟಲ್ಲ, ಕೇಬಲ್ಲು. "ವಹಾಬ ಬೇಕಂತನ ಕಿತ್ತಾನ! ಸರ್ಫರಾಜ ಹೇಳಿ ಕೀಳಿಸ್ಯಾನ!" ಎಂದು ನೀನು ಕೂಗಿದೆ. ಹಿತ್ತಲ ಬಾಗಿಲಿಗೆ ಒತ್ತುಕೊಟ್ಟಿದ್ದ ಕಬ್ಬಿಣದ ಸಲಾಕೆ ಕಿತ್ತುಕೊಂಡು ಓಡಿದೆ. ಜೋಳದ ಹಿಟ್ಟಿನ ಕೈಯಲ್ಲೇ ನಾನು ನಿನ್ನ ಹಿಂದೆ ಓಡಿದೆ. ಬಸ್‌ಸ್ಟ್ಯಾಂಡಿನ ಪಕ್ಕದ ಆ ಕೇಬಲ್ ಕೋಣೆಯ ಮೆಟ್ಟಿಲು ಹತ್ತುವಷ್ಟರಲ್ಲಿ ನೀನು ಒಳಗೆ ನುಗ್ಗಿದ್ದೆ. ಊರಿಗೆಲ್ಲ ಕೇಬಲ್ ಕೊಟ್ಟ ಅಬ್ದುಲ್ ವಹಾಬ ಸಾಹೇಬರು ಕೇಬಲ್ ಪೆಟ್ಟಿಗೆಯ ಮುಂದೆ ಬಾಗಿಲಿಗೆ ಬೆನ್ನು ಮಾಡಿ ಕುಳಿತು ತಂತಿ ಪರೀಕ್ಷೆ ಮಾಡುತ್ತಿದ್ದರು. "ತಾಳ್ರೋ, ಎಲ್ಲೋ ಲೈನು ಹರದೈತಿ, ನೋಡಾಕತ್ತೀನಿ" ಅನ್ನುತ್ತಿದ್ದರು. ನಿನ್ನ ಮೊದಲ ಏಟು ಪೆಟ್ಟಿಗೆಗೆ ಬಿತ್ತು. ಎರಡನೆಯದು ಅವರ ಭುಜಕ್ಕೆ; ಎಲುಬು ಮುರಿದ ಸದ್ದು ಬಾಗಿಲಲ್ಲಿದ್ದ ನನಗೆ ಕೇಳಿಸಿತು. ಯಾರೆಂದು ನೋಡಲು ಅವರು ತಿರುಗಿದರು. ಮೂರನೆಯದು ಮುಖಕ್ಕೆ. ನಾಲ್ಕನೆಯದನ್ನು ಎತ್ತಿದಾಗ ಸರ್ಫರಾಜ ನನ್ನನ್ನು ತಳ್ಳಿಕೊಂಡು ಒಳನುಗ್ಗಿ, "ಸಾಕು ಬಿಡಲೇ ಗುರ್‍ಯಾ, ಸಾಯ್ತಾರ!" ಎಂದು ಸಲಾಕೆ ಹಿಡಿದು ಎಳೆದ. ನಿನ್ನ ಅಂಗೈ ಹರಿದದ್ದು ಆಗ. ನೀನು ನನ್ನನ್ನು ದಾಟಿಕೊಂಡು ಓಡಿದೆ, ನನ್ನ ಮುಖ ಸಹ ನೋಡಲಿಲ್ಲ. ಸಾಹೇಬರ ರಕ್ತ ನೆಲದ ತಂತಿಗಳ ಮೇಲೆ ಹರಿಯುತ್ತಿತ್ತು. ಸರ್ಫರಾಜ ಸಲಾಕೆ ಕೈಯಲ್ಲಿ ಹಿಡಿದುಕೊಂಡೇ ಅವರ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡ. ನಾನು ಹೆದರಿ ಮನೆಗೆ ಓಡಿ ಬಂದೆ. ಹಾಗಾಗಿ ಜನ ಬಂದಾಗ ಕಂಡದ್ದು ಅವನೊಬ್ಬನೇ.

ನಿನ್ನ ಬಳಗದವರು ಅವನನ್ನು ಮೆಟ್ಟಿಲಿನಿಂದ ಎಳೆದು ಕಲ್ಲಲ್ಲಿ, ಸೈಕಲ್ ಚೈನಿನಲ್ಲಿ ಹೊಡೆದರು. ಮೂರು ಹಲ್ಲು ಹೋದವು. ಪೊಲೀಸರು ಬರದಿದ್ದರೆ ಅಲ್ಲೇ ಹೆಣವಾಗುತ್ತಿದ್ದ. ಮರುದಿನ ಅವನ ಗ್ಯಾರೇಜಿಗೆ ನುಗ್ಗಿ ಇದ್ದದ್ದೆಲ್ಲ ಪುಡಿ ಮಾಡಿದರು. ಪೊಲೀಸರು ಅವನನ್ನೇ ಒಳಗೆ ಹಾಕಿದ್ದಾರೆ. ಅವನು ನಿನ್ನ ಹೆಸರು ಹೇಳಿದ್ದಾನೆ, ಆದರೆ ನಂಬುವವರಿರಲಿಲ್ಲ. ಯಾಕೆಂದರೆ ಪೊಲೀಸರು ನಮ್ಮ ಮನೆಗೆ ಬಂದು ಕೇಳಿದಾಗ ನಾನು, "ನನ್ನ ತಮ್ಮ ಮನ್ಯಾಗ ಇದ್ದನ್ರಿ, ನಾನ ಊಟಕ್ಕ ನೀಡಾಕತ್ತಿದ್ದೆ" ಅಂದೆ. ನಾಲಗೆ ತಡವರಿಸಲಿಲ್ಲ ಗುರೂ. ಅಷ್ಟು ಸಲೀಸಾಗಿ ಬಂತು.

ಸಾಹೇಬರನ್ನು ಬಳ್ಳಾರಿಗೆ ಒಯ್ದರು. ಎಡಗಣ್ಣು ತೆಗೆದುಬಿಟ್ಟಿದ್ದಾರೆ. ಎಚ್ಚರವಿದೆ, ಆದರೆ ಆ ಭಾನುವಾರದ ಒಂದು ಮಾತೂ ನೆನಪಿಲ್ಲ. "ಲೈನು ಜೋಡಿಸಿದ್ರೇನು?" ಎಂದು ಬಂದವರನ್ನೆಲ್ಲ ಕೇಳುತ್ತಾರಂತೆ. ಲೈನು ಯಾರೂ ಕಿತ್ತಿರಲಿಲ್ಲ ಗುರೂ. ಉಜ್ಜಿನಿ ಕಡೆಯಿಂದ ಮೇವು ಹೇರಿಕೊಂಡು ಬಂದ ಲಾರಿಗೆ ಸಿಕ್ಕಿ ಹರಿದಿತ್ತು.

ಮೊನ್ನೆ ಶುಕ್ರವಾರ ಸರ್ಫರಾಜನ ತಾಯಿ ಜೈತುನ್ ಬೀ ಬಂದರು. ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಹೊಸ್ತಿಲ ಹೊರಗೆ ನಿಂತು ಮೆಲ್ಲಗೆ ಹೇಳಿದರು: "ನಾಗಲಿಂಗಕ್ಕಾ, ನಾ ಜಗಳಾಕ ಬಂದಿಲ್ರಿ. ಅವತ್ತು ನಿಮ್ಮ ಕೈ ತುಂಬ ಹಿಟ್ಟಿತ್ತು. ನೀವು ಓಡಿ ಹೋಗೋದು ನಾ ನೋಡೀನಿ. ಪೊಲೀಸರ ಮುಂದ ಬ್ಯಾಡ, ನನ್ನ ಮುಂದ ಒಂದ ಮಾತು ಹೇಳ್ರಿ, ನನ್ನ ಮಗ ಹೊಡದಾನೇನು?" ನಾನು ಬಾಗಿಲು ಹಾಕಿಕೊಂಡೆ. ಒಳಗೆ ನಿಂತು ಅವರ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟೆ. ಅವರು ಹೋಗಲು ಬಹಳ ಹೊತ್ತು ಹಿಡಿಯಿತು.

ಆಗಲೂ ನಾನು ನಿನ್ನ ಪಕ್ಷದಲ್ಲೇ ಇದ್ದೆ. ಸೋಮವಾರ ಮರುಳಪ್ಪ ಮಾವ ಬಂದಾಗ ಒಳಗೆ ಕರೆದುಕೊಂಡು ಹೋಗಿ ನಿನ್ನ ಸುದ್ದಿ ಕೇಳಿದೆ. ಅಳುತ್ತಿದ್ದಾನಾ, ಉಣ್ಣುತ್ತಾನಾ, ಸಾಹೇಬರು ಹೇಗಿದ್ದಾರೆ ಅಂತ ಕೇಳಿದನಾ? ಮಾವ ತಲೆ ಬಗ್ಗಿಸಿಕೊಂಡು, "ಒಂದ ಮಾತು ಕೇಳಿಕೊಂಡು ಬಾ ಅಂದಾನವ್ವಾ. ಉಗ್ರಬಾಹು ಗೆದ್ದನೇನು ಅಂತ" ಎಂದ.

ಅಷ್ಟೇನಾ ಗುರೂ? ಎಂಟು ದಿನ ಆ ಮನೆಯ ಮೂಲೆಯಲ್ಲಿ ಕುಳಿತು ನಿನಗೆ ಕಾಡಿದ್ದು ಅಷ್ಟೇನಾ? ಅವತ್ತು ಓಡಿಹೋದವನು ಹೆದರಿ ಓಡಿದ ನನ್ನ ತಮ್ಮ ಅಂದುಕೊಂಡು ಸುಳ್ಳು ಹೇಳಿದ್ದೆ. ಯಾವನಿಗೋಸ್ಕರ ಹೇಳಿದೆನೋ ನನಗೇ ತಿಳಿಯದಾಯಿತು. ಗೆದ್ದವರು ಯಾರೆಂದು ನನಗೆ ಗೊತ್ತಿಲ್ಲ. ಅವತ್ತಿನಿಂದ ಟಿ.ವಿ. ಹಚ್ಚಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಮಾವನ ಕೈಯಲ್ಲಿ ಒಗೆದ ಎರಡು ಅಂಗಿ, ಶೇಂಗಾ ಚಟ್ನಿ ಕಳಿಸಿದ್ದೇನೆ. ಮಾಳಮ್ಮತ್ತೆಗೆ ನನ್ನ ನಮಸ್ಕಾರ ತಿಳಿಸು. ಆ ಕೊಟ್ಟೂರಯ್ಯ ನಿನ್ನ ಎದೆಯಲ್ಲಿ ಒಂದಿಷ್ಟು ಮರುಕ ಇಡಲಿ. ಬೇರೆ ಏನನ್ನೂ ಬೇಡಿಕೊಳ್ಳಲು ನನಗೆ ಬಾಯಿಲ್ಲ.

ನಿನ್ನನ್ನು ಎತ್ತಿ ಬೆಳೆಸಿದ ಅಕ್ಕ,
ನಾಗಲಿಂಗಮ್ಮ

ತಾ.ಕ.: ಬಸ್ಸಿನ ಹೊತ್ತಾಯಿತು, ಮಾವ ಹೊರಗೆ ಅವಸರ ಮಾಡುತ್ತಿದ್ದಾನೆ, ಅವನಿಗೆ ಇದನ್ನು ಹೇಳಿಲ್ಲ. ಬೆಳಿಗ್ಗೆ ಠಾಣೆಗೆ ಹೋಗಿದ್ದೆ. ಮೊದಲು ಹೇಳಿದ್ದು ಸುಳ್ಳು ಎಂದು ಬರೆಸಿ ರುಜು ಹಾಕಿದೆ. ಸಲಾಕೆ ಯಾರದು, ಎಷ್ಟು ಏಟು, ಎಲ್ಲೆಲ್ಲಿ ಬಿತ್ತು, ಎಲ್ಲ ಹೇಳಿದೆ. ನೀನಿರುವ ಮನೆಯನ್ನೂ ಹೇಳಿದೆ. ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೂ ಕೇಸಾಗಬಹುದಂತೆ, ಆಗಲಿ. ಕೈ ಮುಗಿದು ಒಂದು ದಿನ ಕೇಳಿಕೊಂಡು ಬಂದಿದ್ದೇನೆ. ನಾಳೆ ಮೊದಲ ಬಸ್ಸಿಗೆ ನೀನೇ ಬಾ. ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ, ಠಾಣೆಯವರೆಗೂ ಜೊತೆಗೆ ನಡೆಯುತ್ತೇನೆ. ನೀನು ಬರದಿದ್ದರೆ ಶುಕ್ರವಾರ ಅರಸೀಕೆರೆಗೆ ಜೀಪು ಬರುತ್ತದೆ. ಮುಂದೆ ಕುಳಿತು ಮಾವನ ಮನೆ ತೋರಿಸುವವಳು ನಾನೇ.